ಧೋತರದ ತುಂಡಿನಲ್ಲಿ ಇಪ್ಪತ್ತು ಮೆಂತೆ ಕಾಳು

ನಮ್ಮ ಚಾಳಿನ ಹೆಂಗಸರು ಬೆಳಿಗ್ಗೆ ಎದ್ದವರೇ ಮೊದಲು ನೋಡುತ್ತಿದ್ದದ್ದು ನಾಲಾದ ಬಣ್ಣ. ಮುಂಬಯಿ ಹತ್ತಿರದ ಕಲ್ಯಾಣದ ಪೂರ್ವಕ್ಕೆ, ರೈಲು ಹಳಿ ದಾಟಿ ಹತ್ತು ನಿಮಿಷ ನಡೆದರೆ ನಮ್ಮ ಚಾಳು, ಸಾಲು ಖೋಲಿಗಳ ವಠಾರ. ಅದರ ಬೆನ್ನಿಗೆ ನಾಲಾ, ಎಂದರೆ ಗಟಾರದಂಥ ಹಳ್ಳ. ನಾಲಾದ ಮೇಲ್ಗಡೆ, ರದ್ದಿಯಿಂದ ಬಣ್ಣದ ಕಾಗದ ಮಾಡುವ ಒಂದು ಸಣ್ಣ ಮಿಲ್ಲು. ನೀರು ಗುಲಾಬಿ ಇದ್ದರೆ, "ಲಗ್ನದ ಹಂಗಾಮ ಬಂತ ನೋಡವಾ, ಪತ್ರಿಕಾ ಕಾಗದ ತಗ್ಯಾಕತ್ಯಾರ" ಎನ್ನುವರು. ಹಳದಿ ಇದ್ದರೆ ಶಾಲೆಯ ವಹಿಗಳ ಹೊದಿಕೆ. ಕಂದು ಇದ್ದರೆ ಕಿರಾಣಿ ಅಂಗಡಿಯ ಪೊಟ್ಟಣ. ನಾನು ಅದೇ ಮಿಲ್ಲಿನಲ್ಲಿ ಕೆಲಸಕ್ಕಿದ್ದೆ. ಅವರು ಹೇಳಿದ್ದು ಬಹುತೇಕ ಸರಿಯೇ ಇರುತ್ತಿತ್ತು.

ತೊಂಬತ್ತರ ದಶಕದ ನಡುವಿನ ಮಾತು ಇದು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ್ದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಮಿಲ್ಲಿನ ಲ್ಯಾಬಿಗೆ ಹಾಕಿದ್ದರು. ಲ್ಯಾಬ್ ಎಂದರೆ ದೊಡ್ಡದೇನಲ್ಲ. ಒಂದು ಮೇಜು, ಒಂದು ನಲ್ಲಿ, ಪಶ್ಚಿಮಕ್ಕೆ ಒಂದು ಕಿಟಕಿ, ನಾಲ್ಕಾರು ಗಾಜಿನ ಸಾಮಾನು. ಹೊರಗೆ ಹೋಗುವ ನೀರನ್ನು ಒಂದು ಬಾಟಲಿಯಲ್ಲಿ ಹಿಡಿದು ತರುವುದು, ಹುಳಿಯೋ ಕ್ಷಾರವೋ ನೋಡುವುದು, ಗಾಜಿನ ಕೊಳವೆಯಲ್ಲಿ ಒಂದು ತಾಸು ಬಿಟ್ಟು ಎಷ್ಟು ಗಸಿ ಕೂತಿತು ಎಂದು ಅಳೆಯುವುದು, ಬಣ್ಣ ಬರೆಯುವುದು. ರಿಜಿಸ್ಟರಿನಲ್ಲಿ ಇದಕ್ಕೆಲ್ಲ ಒಂದೊಂದು ಮನೆ ಗೆರೆ ಹಾಕಿ ಕೊಟ್ಟಿದ್ದರು. ನಾನು ಮನೆ ತುಂಬಿಸುವವನು.

ನನ್ನ ಕನ್ನಡ ಶಾಲೆಯದ್ದಲ್ಲ. ಓದಿದ್ದೆಲ್ಲ ಮರಾಠಿಯಲ್ಲಿ. ಅಪ್ಪ ಕುಂದಾಪುರದ ಕಡೆಯವರು, ಡೊಂಬಿವಲಿಯ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಅರ್ಧ ಕನ್ನಡ ಅಮ್ಮನ ಬಾಯಿಂದ ಬಂತು. ಉಳಿದರ್ಧ ಬಂದದ್ದು ಪಕ್ಕದ ಖೋಲಿಯ ಕಾಕಿಯಿಂದ. ಹೀಗಾಗಿ ನಾನು ಬೈಸಿಕೊಂಡದ್ದೂ ಎರಡೂ ಕನ್ನಡದಲ್ಲಿ.

ಕಾಕಿ ನಮ್ಮ ರಕ್ತಸಂಬಂಧಿಯಲ್ಲ. ವಿಜಾಪುರದ ಕಡೆಯಿಂದ ಗಂಡನ ಜೊತೆ ಬಂದವಳು. ಗಂಡ ಗೂಡ್ಸ್ ಯಾರ್ಡಿನಲ್ಲಿ ಚೀಲ ಹೊರುತ್ತಿದ್ದವನು ತೀರಿಹೋಗಿದ್ದ. ಮಗ ನವಿ ಮುಂಬಯಿಯಲ್ಲಿ ಕಟ್ಟಡದ ಕೆಲಸ, ಅಲ್ಲೇ ಸಂಸಾರ. "ಬಾ ಅವ್ವ ಇಲ್ಲಿಗೆ" ಎಂದು ಅವನು ಕರೆಯುತ್ತಿದ್ದ. "ನಿನ್ನ ಕೈ ಊಟಾ ಉಣ್ಣೂ ಮುಂಚೆ ನನ್ನ ಕೈ ನಿಂತಿರಬೇಕಲ್ಲೋ" ಎಂದು ಇವಳು ಹೋಗುತ್ತಿರಲಿಲ್ಲ. ಅವಳ ಕೈ ನಿಲ್ಲದಂತೆ ನೋಡಿಕೊಂಡದ್ದು ನಾಲಾ ಮತ್ತು ರೈಲು ಹಳಿಯ ನಡುವಿನ ಒಂದು ಪಟ್ಟಿ ಮಣ್ಣು. ನಾಲ್ಕು ಸೀರೆ ಉದ್ದಕ್ಕೆ ಹಾಸಿದರೆ ಎಷ್ಟೋ ಅಷ್ಟು. ಅದರಲ್ಲಿ ಮೆಂತೆ, ಪಾಲಕ್, ಕೊತ್ತಂಬರಿ, ಒಂದು ಅಂಚಿಗೆ ಪುಂಡಿಪಲ್ಯದ ಹುಳಿ ಸೊಪ್ಪು. ಅದನ್ನು ಅವಳು ಹೊಲ ಎಂದೇ ಕರೆಯುತ್ತಿದ್ದಳು. ಚಾಳಿನವರು ನಗುತ್ತಿದ್ದರು. "ನಗ್ರಿ, ನಗ್ರಿ. ಎಳ್ಳ ಅಮವಾಸಿಗೆ ಬುತ್ತಿ ಕಟಗೊಂಡ ಎಲ್ಲಿ ಹೋಗ್ತೀರಿ ನೋಡ್ತೀನಿ" ಎಂದು ಅವಳು ತಿರುಗಿಸಿ ಕೊಡುತ್ತಿದ್ದಳು.

ಅದು ನಿಜವೂ ಆಗಿತ್ತು. ವಿಜಾಪುರ, ಗುಲ್ಬರ್ಗಾ ಕಡೆಯವರಿಗೆ ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಕೂತು ಉಣ್ಣದಿದ್ದರೆ ಹಬ್ಬವೇ ಅಲ್ಲ. ಮೊದಲ ತುತ್ತು ಭೂಮಿಗೆ ಚೆಲ್ಲಬೇಕು. ಅದಕ್ಕೆ ಚರಗ ಎನ್ನುತ್ತಾರೆ. ಭೂಮಿ ಬಸುರಿ, ಅವಳ ಬಯಕೆ ತೀರಿಸುವುದು ಎಂಬ ಭಾವ. ಇಲ್ಲಿ ಲೋಡಿಂಗ್ ಮಾಡುವವರಿಗೆ, ಗಾರೆ ಹೊರುವವರಿಗೆ ಹೊಲ ಎಲ್ಲಿ? ಇಡೀ ಕೇರಿಗೆ ಇದ್ದದ್ದು ಕಾಕಿಯ ಆ ಪಟ್ಟಿ ಒಂದೇ. ಪ್ರತಿ ವರ್ಷ ಹತ್ತಿಪ್ಪತ್ತು ಮನೆಯವರು ಬುತ್ತಿ ಕಟ್ಟಿಕೊಂಡು ಅಲ್ಲಿಗೇ ಬರುತ್ತಿದ್ದರು. ಪಕ್ಕದಲ್ಲೇ ಟಿಟ್ವಾಳಾ ಲೋಕಲ್ ಕೂಗಿಕೊಂಡು ಹೋಗುತ್ತಿತ್ತು. ಬಾಗಿಲಲ್ಲಿ ನೇತಾಡುವವರು ನಮ್ಮ ತಾಟುಗಳನ್ನು ನೋಡುತ್ತಾ ಸಾಗುತ್ತಿದ್ದರು.

ಈ ಹೊಲಕ್ಕೆ ನೀರು ನಾಲಾದ್ದೇ. ಬೇರೆ ಇರಲಿಲ್ಲ. ಮುನಿಸಿಪಾಲ್ಟಿ ನಲ್ಲಿ ದಿನಕ್ಕೆ ಒಂದೂವರೆ ತಾಸು ಬರುತ್ತಿತ್ತು, ಅದು ಕುಡಿಯುವುದಕ್ಕೇ ಜಗಳವಾಡುವಷ್ಟು. ಹಾಗೆಂದು ಕಾಕಿ ಕಣ್ಣುಮುಚ್ಚಿ ನಾಲಾದ ನೀರು ಹಾಕುವವಳಲ್ಲ. ಅವಳದೊಂದು ಪದ್ಧತಿ ಇತ್ತು. ಗಂಡನ ಹಳೆಯ ಧೋತರದ ಅಂಗೈಯಗಲ ತುಂಡು, ಅದರಲ್ಲಿ ಇಪ್ಪತ್ತು ಮೆಂತೆ ಕಾಳು. ನಾಲಾದ ನೀರಿನಲ್ಲಿ ಅದ್ದಿ, ಸುತ್ತಿ, ಬಾಗಿಲ ಮೂಲೆಯಲ್ಲಿ ಇಡುವಳು. ಮರುದಿನ ಬಿಚ್ಚಿ ಎಣಿಸುವಳು. ಹದಿನೈದರ ಮೇಲೆ ಮೊಳಕೆ ಬಂದಿದ್ದರೆ ನೀರು ಹಾಯಿಸುವಳು. ಕಡಿಮೆ ಇದ್ದರೆ ಇಲ್ಲ. ಅವಳ ಅಪ್ಪ ಊರಲ್ಲಿ ಬಿತ್ತುವ ಮೊದಲು ಜೋಳವನ್ನು ಹೀಗೆ ಒದ್ದೆ ಅರಿವೆಯಲ್ಲಿ ಕಟ್ಟಿ ನೋಡುತ್ತಿದ್ದನಂತೆ. ಅವನು ನೋಡುತ್ತಿದ್ದದ್ದು ಬೀಜವನ್ನು, ನೀರನ್ನು ಅವನು ಸಂಶಯಪಡಬೇಕಾಗಿರಲಿಲ್ಲ. ಮಗಳು ಇಲ್ಲಿ ಅದನ್ನು ತಿರುವಿ ಹಾಕಿದ್ದಳು.

"ನಿನ್ನ ಗಾಜಿನ ನಳಗಿ ಇರಲಿ ತಮ್ಮಾ. ಬೀಜಾ ಸುಳ್ಳ ಹೇಳಂಗಿಲ್ಲ. ಅದಕ್ಕ ಪಗಾರ ಇಲ್ಲ ಅಲಾ, ಅದಕ್ಕ" ಎನ್ನುತ್ತಿದ್ದಳು.

ಆ ಧೋತರದ ತುಂಡು ಗುಲಾಬಿ, ಹಳದಿ, ಹಸಿರು ಕಲೆಗಳಿಂದ ತುಂಬಿಹೋಗಿತ್ತು.

ನಾನು ಕೆಲಸಕ್ಕೆ ಸೇರಿದ ಮೇಲೆ ಅವಳಿಗೊಂದು ಅನುಕೂಲವಾಯಿತು. ನೀರು ಯಾವಾಗ ಕೆಡುತ್ತದೆ ಎಂಬ ಗುಟ್ಟು ನನಗೆ ಸ್ವಲ್ಪ ಸ್ವಲ್ಪ ತಿಳಿಯತೊಡಗಿತು. ಹೊರಗಿನವರಿಗೆ ಮಿಲ್ಲು ಎಂದರೆ ದಿನವೂ ಒಂದೇ ಥರ ಹೊಲಸು ಬಿಡುವ ಒಂದು ಬಾಯಿ. ಒಳಗೆ ನಿಂತವನಿಗೆ ಹಾಗಲ್ಲ. ಯಾವ ರದ್ದಿ ಬಂತು ಎಂಬುದರ ಮೇಲೆ ಒಂದು ಬಗೆ. ಸಿಮೆಂಟಿನ ಚೀಲ ಬಂದರೆ ನೀರು ಸುಡುವಷ್ಟು ಕ್ಷಾರ. ಹಳೆಯ ವಹಿಗಳು ಬಂದರೆ ಶಾಯಿ. ನಮ್ಮ ಕಡೆ ಕಾರ್ಖಾನೆಗಳಿಗೆ ಕರೆಂಟು ಕೊಡದ ವಾರದ ರಜೆ ಶುಕ್ರವಾರ, ಹಾಗಾಗಿ ಗುರುವಾರ ಸಂಜೆ ಎಲ್ಲ ತೊಟ್ಟಿಗಳನ್ನೂ ತೊಳೆದು ಬಿಡುತ್ತಿದ್ದರು. ವಾರದ ಅತಿ ಕೆಟ್ಟ ನೀರು ಆಗ. ಶನಿವಾರ ಬೆಳಗಿನ ಹೊತ್ತಿಗೆ ನಾಲಾ ಅರ್ಧ ಸುಧಾರಿಸಿಕೊಂಡಿರುತ್ತಿತ್ತು. "ಗುರುವಾರ ಸಂಜೆ ಮುಟ್ಟಬೇಡಿ ಕಾಕಿ, ಶನಿವಾರ ತಗೊಳ್ಳಿ" ಎಂದು ನಾನು ಹೇಳುವೆ. ಅವಳು ಆದರೂ ಕಾಳು ಕಟ್ಟಿ ನೋಡುವಳು. ನನ್ನ ಮಾತು, ಅವಳ ಕಾಳು ಕೂಡಿ ಬರತೊಡಗಿದವು. ಒಂದು ವರ್ಷದಲ್ಲಿ ಹೊಲ ಎಂಥ ಹಸಿರಾಯಿತೆಂದರೆ ಅಪ್ಪನ ಹೋಟೆಲಿಗೂ ಕೊತ್ತಂಬರಿ ಅಲ್ಲಿಂದಲೇ ಹೋಗುತ್ತಿತ್ತು.

ಇನ್ನೊಂದು ಸಂಗತಿ ನೋಡಿದ್ದೆ. ನಾಲಾದ ಮೇಲೆ ಮೊದಲು ಬೂದು ಬಣ್ಣದ ಕೆನೆ ತೇಲುತ್ತಿತ್ತು, ಕಾಗದದ ನಾರು ಅದು. ಚಾಳಿನವರು ಎಷ್ಟೋ ವರ್ಷ ಅದಕ್ಕೆ ಗೊಣಗಿದ್ದರು, ಏನೂ ಆಗಿರಲಿಲ್ಲ. ಒಂದು ವರ್ಷ ರದ್ದಿ ತುಟ್ಟಿಯಾಯಿತು ನೋಡಿ, ಹದಿನೈದೇ ದಿನದಲ್ಲಿ ಮಿಲ್ಲಿನ ಮೋರಿಗೆ ಸಣ್ಣ ಕಣ್ಣಿನ ಜಾಲರಿ ಬಂತು. ನಾರೆಲ್ಲ ಹಿಡಿದು ಮತ್ತೆ ತೊಟ್ಟಿಗೆ ಹಾಕಿದರು. ಕೆನೆ ಮಾಯ. ಚಾಳಿನವರು ತಮ್ಮ ಗೊಣಗಾಟವೇ ಗೆದ್ದಿತು ಎಂದುಕೊಂಡರು. ನಾನೂ ತಿದ್ದಲು ಹೋಗಲಿಲ್ಲ.

ಆಮೇಲೆ ನಾಲಾದ ಆಚೆ ದಂಡೆಗೆ ಕಟ್ಟಡಗಳು ಬಂದವು. ನಾಲ್ಕು ಮಾಳಿಗೆ, ಇಲ್ಲಿಯವರು ಗ್ಯಾಲರಿ ಎನ್ನುವ ಬಾಲ್ಕನಿ, ಗ್ಯಾಲರಿಯಲ್ಲಿ ತುಳಸಿ. ಚಾಳಿನವರು ನೆಲದ ಮಟ್ಟದಿಂದ ನಾಲಾ ನೋಡುತ್ತಿದ್ದರೆ ಅವರು ಮೇಲಿಂದ ನೋಡುವವರು. ಮೇಲಿಂದ ನೋಡಿದರೆ ಬಣ್ಣ ಇನ್ನೂ ಗಾಢ. ಬಂದ ನೆಂಟರೆಲ್ಲ "ಇದೇನು ಕೆಂಪು ನದಿ" ಎಂದು ಕೇಳುತ್ತಿದ್ದರಂತೆ. ಆ ಕಟ್ಟಡಗಳ ಸೊಸೈಟಿಯವರು ಸೇರಿ ಅರ್ಜಿ ಬರೆದರು. ಸರ್ಕಾರದ ಅಧಿಕಾರಿಯೊಬ್ಬರು ಬಂದರು, ಬಾಟಲಿ ತುಂಬಿಸಿಕೊಂಡು ಹೋದರು. ಬಣ್ಣ ತೆಗೆಯದಿದ್ದರೆ ಬಾಗಿಲು ಹಾಕಿಸುತ್ತೇವೆ ಎಂಬ ಅರ್ಥದ ಕಾಗದ ಮಿಲ್ಲಿಗೆ ಬಂತು.

ನಮ್ಮ ಮ್ಯಾನೇಜರು ಮಂಗಳೂರಿನ ಕಡೆಯವರು. ಕೆಟ್ಟ ಮನುಷ್ಯರಲ್ಲ. ಮಧ್ಯಾಹ್ನ ತಮ್ಮ ಡಬ್ಬಿಯ ಮೀನಿನ ಸಾರಿನಲ್ಲಿ ನನಗೂ ಪಾಲು ಇಡುವವರು. ಕಾಗದ ಓದಿ ನನ್ನನ್ನು ಕರೆದರು.

"ಎಂತ ಮಾರಾಯ, ಬಣ್ಣ ತೆಗೀಲಿಕ್ಕೆ ಎಂತ ಉಂಟು?"

"ಬ್ಲೀಚಿಂಗ್ ಪೌಡರ್ ಹಾಕಿದ್ರೆ ಹೋಗ್ತದೆ ಸರ್" ಎಂದೆ.

ಹೌದು, ಹೇಳಿದವನು ನಾನೇ. ಇದನ್ನು ಬರೆಯದೆ ಮುಂದೆ ಹೋದರೆ ಈ ಬರಹಕ್ಕೆ ಅರ್ಥವಿಲ್ಲ.

ಮೋರಿಯ ಬಾಯಲ್ಲಿ ಒಂದು ನೀಲಿ ಡ್ರಮ್ಮು ಬಂತು. ಬ್ಲೀಚಿಂಗ್ ಪೌಡರಿನ ನೀರು ತೊಟ್ಟಿಕ್ಕತೊಡಗಿತು. ಮೂರನೆಯ ದಿನಕ್ಕೆ ನಾಲಾ ಗಾಜಿನಂತಾಯಿತು. ತಳದ ಕಲ್ಲು ಕಾಣುತ್ತಿತ್ತು. ಜನ್ಮದಲ್ಲಿ ನಾವು ಯಾರೂ ಆ ಕಲ್ಲುಗಳನ್ನು ನೋಡಿರಲಿಲ್ಲ. ಆಚೆ ದಂಡೆಯ ಸೊಸೈಟಿಯ ಸೆಕ್ರೆಟರಿ ಪೇಢೆಯ ಪೊಟ್ಟಣ ಹಿಡಿದು ಮಿಲ್ಲಿಗೇ ಬಂದರು. "ಬಘಾ, ಕಿತೀ ಸ್ವಚ್ಛ!" ನೋಡಿ, ಎಷ್ಟು ಸ್ವಚ್ಛ ಎಂದು ಮರಾಠಿಯಲ್ಲಿ ಹೊಗಳಿದ್ದೇ ಹೊಗಳಿದ್ದು. ಮ್ಯಾನೇಜರು ಪೇಢೆಯನ್ನು ನನ್ನ ಬಾಯಿಗೇ ಇಟ್ಟರು.

ನೀರಿಗೆ ಒಂದು ವಾಸನೆ ಇತ್ತು. ಮಳೆಗಾಲದಲ್ಲಿ ಮುನಿಸಿಪಾಲ್ಟಿ ನಲ್ಲಿಯಿಂದ ಬರುತ್ತದಲ್ಲ, ಅದೇ ವಾಸನೆ. ಗಟಾರಕ್ಕೆ ಬಿಳಿ ಪುಡಿ ಎರಚಿ ಹೋದ ಮೇಲೆ ಬರುವ ವಾಸನೆ. ಚಾಳಿನಲ್ಲಿ ಬೆಳೆದ ನಮಗೆ ಅದು ಶುದ್ಧದ ವಾಸನೆ. ಆ ವಾಸನೆ ಬಂದರೆ ಕಾಲರಾ ಬರುವುದಿಲ್ಲ, ನೀರು ಕುಡಿಯಬಹುದು ಎಂದು ನಮ್ಮ ತಾಯಂದಿರು ನಂಬಿದ್ದರು. ನಾನು ಓದಿದವನು, ನನ್ನ ಮೂಗೂ ಅದನ್ನೇ ನಂಬಿತು. ರಿಜಿಸ್ಟರಿನ ಮನೆಗಳೆಲ್ಲ ಚೆನ್ನಾಗಿ ತುಂಬುತ್ತಿದ್ದವು. ಬಣ್ಣ: ಇಲ್ಲ. ಗಸಿ: ಇಲ್ಲವೆನ್ನುವಷ್ಟು. ಉಳಿದ ಬ್ಲೀಚಿಂಗ್ ಎಷ್ಟು ಎಂದು ಕೇಳುವ ಮನೆಯನ್ನು ಯಾರೂ ಗೆರೆ ಹಾಕಿರಲಿಲ್ಲ. ಕೇಳದ್ದನ್ನು ನಾನು ಅಳೆಯಲಿಲ್ಲ.

ಅಂದು ಸಂಜೆ ಚಾಳಿಗೆ ಬಂದವನೇ ಕಾಕಿಯ ಬಾಗಿಲಲ್ಲಿ ನಿಂತು ದೊಡ್ಡದಾಗಿ ಹೇಳಿದೆ: "ಕಾಕಿ, ಇನ್ನು ನಿಮ್ಮ ಕಾಳಿನ ಗಂಟು ಎತ್ತಿಡಿ. ವಾರ ನೋಡೋದೂ ಬೇಡ. ಯಾವಾಗ ಬೇಕಾದ್ರೂ ನೀರು ತಗೊಳ್ಳಿ."

"ಖರೇನೋ?"

"ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ?"

"ಅದ ತಮ್ಮಾ. ನಿನ್ನ ಮ್ಯಾಲ ಇಲ್ದ ಯಾರ ಮ್ಯಾಲ?" ಎಂದು ಧೋತರದ ತುಂಡನ್ನು ಮಡಚಿ ಗೂಡಿನಲ್ಲಿ ಇಟ್ಟಳು.

ಎಳ್ಳಮಾವಾಸ್ಯೆಗೆ ಆಗ ಇನ್ನು ಮೂರು ವಾರ. ಹೊಲದ ತುಂಬ ಮೆಂತೆ ಎರಡೆಲೆ ಬಿಟ್ಟಿತ್ತು.

ಐದನೆಯ ದಿನ ಎಲೆಯ ಅಂಚು ಬೆಳ್ಳಗಾಯಿತು. ಹಳದಿಯಲ್ಲ, ಬಾಡಿದ್ದೂ ಅಲ್ಲ, ಬಿಳಿ. ನಮ್ಮ ಮಿಲ್ಲಿನ ಕಾಗದವನ್ನೇ ಕತ್ತರಿಸಿ ಅಂಟಿಸಿದ ಹಾಗೆ. ಏಳನೆಯ ದಿನ ಮೆಂತೆ ನೆಲಕ್ಕೆ ಒರಗಿತು. ಹತ್ತನೆಯ ದಿನಕ್ಕೆ ಪುಂಡಿಪಲ್ಯದ ನಾಲ್ಕು ಕಡ್ಡಿ ಬಿಟ್ಟು ಹೊಲದಲ್ಲಿ ಏನೂ ಇರಲಿಲ್ಲ. ಈ ಹತ್ತು ದಿನ ನಾನು ಹೊಲಕ್ಕೆ ಹೋಗಿರಲಿಲ್ಲ. ಶುದ್ಧ ನೀರನ್ನು ಹೋಗಿ ನೋಡುವುದೇನು ಎಂಬ ಧೈರ್ಯ.

ಕಾಕಿ ಚಾಳಿನಲ್ಲಿ ನನ್ನನ್ನು ಏನೂ ಅನ್ನಲಿಲ್ಲ. ಸೀದಾ ಮಿಲ್ಲಿಗೆ ಬಂದಳು. ಅವಳನ್ನು ಲ್ಯಾಬಿಗೆ ಕರೆತಂದವರು ಪಲ್ಪರಿನ ಮಿಸ್ತ್ರಿ. ಪಲ್ಪರ್ ಎಂದರೆ ರದ್ದಿಯನ್ನು ನೀರಿನಲ್ಲಿ ಕಡೆದು ಅಂಬಲಿ ಮಾಡುವ ದೊಡ್ಡ ತೊಟ್ಟಿ. ಮಿಸ್ತ್ರಿ ಗುಲ್ಬರ್ಗಾದವರು, ಮಿಲ್ಲು ಶುರುವಾದಂದಿನಿಂದ ಆ ತೊಟ್ಟಿಯ ಪಕ್ಕ ನಿಂತವರು. ಕಾಕಿ, ಮತ್ತೆ ನಾಲಾದ ನೀರಿನಲ್ಲಿ ಅದ್ದಿ ಕಟ್ಟಿದ್ದ ಧೋತರದ ತುಂಡನ್ನು ಸೊಂಟದಿಂದ ತೆಗೆದು ನನ್ನ ಮೇಜಿನ ಮೇಲೆ ಬಿಚ್ಚಿದಳು. ಇಪ್ಪತ್ತು ಕಾಳು. ಉಬ್ಬಿ, ಲೋಳೆಯಾಗಿ, ಸತ್ತಿದ್ದವು. ಒಂದೂ ಬಾಯಿ ಬಿಟ್ಟಿರಲಿಲ್ಲ.

"ಎಣಿಸು" ಎಂದಳು.

ನಾನು ಎಣಿಸಲಿಲ್ಲ.

"ಕಾಳ ಬಿಡು. ಅರಿವಿ ನೋಡು. ಎಷ್ಟ ವರ್ಸದ ಕಲಿ ಇದ್ವು ಇದರಾಗ? ಸಾಬಾಣ ಹಚ್ಚಿ ತಿಕ್ಕಿದರ ಹೋಗಿರಲಿಲ್ಲ. ಈಗ ನೋಡು, ಅವರು ಲಗ್ನದಾಗ ಉಟ್ಟಾಗ ಹೆಂಗಿತ್ತೋ ಹಂಗ ಬೆಳ್ಳಗಾಗೇದ. ಅರಿವಿನ್ಯಾಗಿಂದು ಬಣ್ಣಾ ತಿನ್ನೂ ನೀರು ಎಲಿಯಾಗಿನ ಹಸರ ಬಿಡ್ತದೇನೋ ಶಾಣ್ಯಾ?"

ಧೋತರ ನಿಜವಾಗಿಯೂ ಬೆಳ್ಳಗಾಗಿತ್ತು. ಕಾಲೇಜಿನಲ್ಲಿ ಮೂರು ವರ್ಷ ಓದಿದ್ದನ್ನು ಅವಳು ಒಂದು ವಾಕ್ಯದಲ್ಲಿ ಹೇಳಿದ್ದಳು.

"ನಾನು ತಪ್ಪು ಮಾಡಿದೆ ಕಾಕಿ."

"ತಪ್ಪ ನಂದು. ಅಪ್ಪ ಹೇಳಿದ್ದ, ಯಾರ ಹೇಳಿದರೂ ಕಾಳ ಕಟ್ಟೂದ ಬಿಡಬ್ಯಾಡ ಅಂತ. ನೀ ಹೇಳಿದಿ, ನಾ ಬಿಟ್ಟೆ." ಆಮೇಲೆ, "ಅಮವಾಸಿಗೆ ಮಂದಿ ಬರ್ತಾರ. ಚರಗ ಎಲ್ಲಿ ಚೆಲ್ಲಲಿ, ಹೇಳು" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾನು ಆ ಬಟ್ಟೆಯನ್ನು ಹಾಗೇ ಎತ್ತಿಕೊಂಡು ಮ್ಯಾನೇಜರ ಕೋಣೆಗೆ ಹೋದೆ. ಮಿಸ್ತ್ರಿ ಹಿಂದೆಯೇ ಬಂದರು. ಕಾಕಿ ಬಾಗಿಲಲ್ಲಿ ನಿಂತಳು. ಮ್ಯಾನೇಜರು ಕಾಳುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಪಾಪ" ಎಂದರು. ಆ ಪಾಪ ಸುಳ್ಳಲ್ಲ. "ಆದ್ರೆ ಎಂತ ಮಾಡ್ಲಿ ಮಾರಾಯ? ಬಣ್ಣದ್ದು ಕಂಪ್ಲೇಂಟ್ ಬಂತು, ಬಣ್ಣ ತೆಗೆದೆವು. ಮೆಂತೆದ್ದು ಕಂಪ್ಲೇಂಟ್ ಬಂದಿಲ್ಲಲ್ಲ."

"ಈಗ ಬಂದಿದೆ ಸರ್. ಬಾಗಿಲಲ್ಲಿ ನಿಂತಿದೆ."

"ಲೆಟರ್‌ಹೆಡ್ ಉಂಟಾ ಅವರ ಹತ್ರ? ಆ ಜಾಗೆಗೆ ಕಾಗದ ಉಂಟಾ? ನಾಳೆ ಡ್ರಮ್ಮು ನಿಲ್ಲಿಸ್ತೇನೆ, ನಾಡಿದ್ದು ಕೆಂಪು ನೀರು, ಆಚೆ ನಾಡಿದ್ದು ಬಾಗಿಲು ಬಂದ್. ಮಿಸ್ತ್ರಿ ಮಕ್ಕಳಿಗೆ ಮೆಂತೆ ತಿನ್ನಿಸ್ತೀಯಾ ಆಮೇಲೆ?"

ಆಗ ಮಾತಾಡಿದ್ದು ಕಾಕಿ, ಬಾಗಿಲಿನಿಂದಲೇ.

"ಸಾಹೇಬರ, ಒಂದ ಮಾತ ಕೇಳ್ಲೇನ್ರಿ? ಇಷ್ಟ ಬಣ್ಣದ ನೀರ ಹೊರಗ ಯಾಕ ಬರ್ತದ?"

ಮಿಸ್ತ್ರಿಯೇ ವಿವರಿಸಿದರು. ಇಂದು ಗುಲಾಬಿ ಕಾಗದ ತೆಗೆದು ನಾಳೆ ಬಿಳಿ ತೆಗೆಯಬೇಕೆಂದರೆ ತೊಟ್ಟಿ, ಪೈಪು ಎಲ್ಲ ತೊಳೆಯಲೇಬೇಕು, ಇಲ್ಲದಿದ್ದರೆ ಬಿಳಿಯಲ್ಲಿ ಗುಲಾಬಿ ಇಣುಕುತ್ತದೆ. ಆ ತೊಳೆದ ನೀರೇ ನಾಲಾಕ್ಕೆ ಹೋಗುವುದು. ನಾಡಿದ್ದು ಹಸಿರು, ಆಮೇಲೆ ಹಳದಿ, ಮತ್ತೆ ತೊಳೆ.

ಕಾಕಿ ಸೆರಗು ಬಾಯಿಗಿಟ್ಟು ನಕ್ಕಳು. ಆ ದಿನವೂ ಅವಳಿಗೆ ನಗು ಬಂತು ಎಂಬುದು ನನಗೆ ಇವತ್ತಿಗೂ ಆಶ್ಚರ್ಯ.

"ನಾವು ಬಡೂರು, ಒಂದ ಗಡಿಗಿ ಇರ್ತದ. ಮದಲ ಹಾಲ ಕಾಸ್ತೀವಿ. ಆಮ್ಯಾಲ ಅನ್ನ. ಆಮ್ಯಾಲ ಬ್ಯಾಳಿ. ಕಡೀಕ ಖಾರದ ಪಲ್ಯಾ. ಒಂದ ಸಲ ತೊಳದರ ಮುಗೀತು. ನೀವು ಮದಲ ಖಾರಾ ಕುದಿಸಿ, ಗಡಿಗಿ ತಿಕ್ಕಿ, ಹಾಲ ಕಾಸಿ, ಮತ್ತ ಖಾರಾ ಕುದಿಸ್ತೀರೇನ್ರಿ? ಇಂಥಾ ಸೊಸಿ ನಮ್ಮ ಮನಿಯಾಗ ಇದ್ದಿದ್ದರ ತವರಮನಿಗೆ ಕಳಿಸಿ ಬಿಡ್ತಿದ್ದೆ."

ಮಿಸ್ತ್ರಿ ತಲೆ ಅಲ್ಲಾಡಿಸಿದರು. "ಖರೇ ಮಾತ್ರಿ ಸಾಹೇಬ್ರ. ನಾ ಎಷ್ಟ ಸಲ ಹೇಳೀನಿ. ಬಿಳಿ, ಹಳದಿ, ಗುಲಾಬಿ, ಹಸರು, ಕಡೀಕ ಕಂದು. ಒಂದರ ನೀರ ಒಂದಕ್ಕ ನಡೀತದ. ಕಂದು ಎಲ್ಲಾ ನುಂಗ್ತದ."

"ಗೊತ್ತುಂಟು" ಎಂದು ಮ್ಯಾನೇಜರು ಸುಸ್ತಾದವರಂತೆ ಕುರ್ಚಿಗೆ ಒರಗಿದರು. ಮೇಜಿನ ಮೇಲಿನ ಫೋನು ತೋರಿಸಿ, "ಇದಕ್ಕೆ ಹೇಳಿ. ಪುಣೆಯವ ಗುಲಾಬಿ ಈಗ್ಲೇ ಬೇಕು ಅಂತಾನೆ, ಥಾಣೆಯವ ಬಿಳಿ ನಾಳೆಗೇ ಅಂತಾನೆ. ಯಾರು ಜೋರಾಗಿ ಕೂಗ್ತಾರೋ ಅವರ ಬಣ್ಣ ಮೊದಲು. ಕಾಯಿರಿ ಅಂದ್ರೆ ಬೇರೆ ಮಿಲ್ಲಿಗೆ ಹೋಗ್ತಾರೆ" ಎಂದರು.

ನಾಲಾದ ಬಣ್ಣ ನಿರ್ಧಾರವಾಗುತ್ತಿದ್ದದ್ದು ಆ ಕರಿಯ ಫೋನಿನಲ್ಲಿ. ಚಾಳಿನ ಹೆಂಗಸರು ಬೆಳಿಗ್ಗೆ ಓದುತ್ತಿದ್ದದ್ದು ಯಾವ ಊರಿನ ಯಾವ ವ್ಯಾಪಾರಿ ನಿನ್ನೆ ಎಷ್ಟು ಜೋರಾಗಿ ಕೂಗಿದ ಎಂಬುದನ್ನು. ಅಂದು ಡ್ರಮ್ಮು ನಿಲ್ಲಲಿಲ್ಲ. ನಾವು ಮೂವರೂ ಹೊರಗೆ ಬಂದೆವು.

ಎಳ್ಳಮಾವಾಸ್ಯೆಗೆ ಜನ ಬಂದರು. ಮಿಸ್ತ್ರಿಯ ಹೆಂಡತಿ ಹತ್ತು ಬಗೆಯ ಸೊಪ್ಪು, ಹಸಿ ಕಾಳು ಕೂಡಿಸಿ ಕುದಿಸುವ ಭಜ್ಜಿಯನ್ನು ತಂದಿದ್ದಳು. ಪ್ರತಿ ವರ್ಷ ಅದಕ್ಕೆ ಸೊಪ್ಪು ಕಾಕಿಯ ಹೊಲದ್ದು, ಈ ವರ್ಷ ಬಜಾರಿನದ್ದು. ಬರಿಯ ಮಣ್ಣಿನ ಸುತ್ತ ಎಲ್ಲರೂ ಕೂತರು. ಕಾಕಿ ಸಜ್ಜೆಯ ಕಡಬನ್ನು ಮುರಿದು ನಾಲ್ಕೂ ದಿಕ್ಕಿಗೆ ಚೆಲ್ಲಿದಳು. ಒಬ್ಬಳು ಹಿರಿಯಳು, "ಸತ್ತ ಭೂಮಿಗೆ ಯಾಕವಾ ಚರಗ?" ಎಂದಳು. "ಜಡ್ಡಾಗಿ ಮಲಗಿದಾಕಿಗೆ ಉಣಸಂಗಿಲ್ಲೇನ?" ಎಂದಳು ಕಾಕಿ. ನಾನು ತಾಟಿನಲ್ಲಿದ್ದ ಬಜಾರಿನ ಸೊಪ್ಪನ್ನು ಬೆರಳಿನಿಂದ ಬದಿಗೆ ಸರಿಸುತ್ತ ಕೂತಿದ್ದೆ.

ಊಟ ಮುಗಿದ ಮೇಲೆ ಅವಳು ಧೋತರದ ತುಂಡನ್ನು ನನ್ನ ಕೈಗೆ ಕೊಟ್ಟಳು. ಜೊತೆಗೆ ಒಂದು ಮುಷ್ಟಿ ಮೆಂತೆ.

"ಇನ್ನ ಮ್ಯಾಲ ನೀ ಕಟ್ಟು. ದಿನಾ. ನಾ ಬಂದ ಕೇಳ್ತೀನಿ. ಮಾತ ಬ್ಯಾಡ, ಎಣಿಕಿ ಹೇಳು."

ಮರುದಿನದಿಂದ ಲ್ಯಾಬಿನ ಕಿಟಕಿಯಲ್ಲಿ ಆ ಗಂಟು ಕೂತಿತು. ರಿಜಿಸ್ಟರಿನ ಕೊನೆಯ ಗೆರೆಯ ಆಚೆ, ಖಾಲಿ ಅಂಚಿನಲ್ಲಿ, ಪೆನ್ಸಿಲಿನಿಂದ ಒಂದು ಮನೆ ಎಳೆದೆ. ತಲೆಬರಹ ಹಾಕಲಿಲ್ಲ. ಒಂದು ಸೊನ್ನೆ. ಮರುದಿನ ಸೊನ್ನೆ. ಸೊನ್ನೆ, ಸೊನ್ನೆ, ಎರಡು, ಸೊನ್ನೆ. ಸಂಜೆ ಹೋಗಿ ಹೇಳುವೆ. "ಹ್ಞೂಂ" ಎನ್ನುವಳು. ಹೊಲವಿಲ್ಲದ ಕೈ ಸುಮ್ಮನಿರಬಾರದೆಂದು ಯಾರದೋ ಮನೆಗೆ ರೊಟ್ಟಿ ಬಡಿಯಲು ಹೋಗತೊಡಗಿದ್ದಳು. ಮಗ ಎರಡು ಸಲ ಬಂದು, "ಇನ್ನೇನೈತಿ ಇಲ್ಲಿ, ನಡಿಯವ್ವ" ಎಂದು ಹೋದ. "ಬ್ಯಾಸಗಿ ಮುಗೀಲಿ" ಎಂದಳು. ನನ್ನ ಸೊನ್ನೆಗಳ ಮೇಲೆ ಅವಳ ಹೋಗುವುದು, ಇರುವುದು ನಿಂತಿತ್ತು. ಅದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂಬುದು ಅವಳಿಗೂ ಗೊತ್ತಿತ್ತು.

ಬೇಸಿಗೆಯಲ್ಲಿ ಕಾರ್ಖಾನೆಗಳ ನೀರಿಗೆ ಕತ್ತರಿ ಬಿತ್ತು. ವಾರದಲ್ಲಿ ಎರಡು ದಿನ ಪೈಪು ಒಣ ಒಣ. ಟ್ಯಾಂಕರಿಗೆ ಎಲ್ಲ ಮಿಲ್ಲಿನವರೂ ಸಾಲು ನಿಂತರು, ಟ್ಯಾಂಕರಿನವನು ರಾಜನಾದ. ತೊಟ್ಟಿ ತೊಳೆಯುವುದಿರಲಿ, ತುಂಬಿಸುವುದೇ ಕಷ್ಟ. ಮೂರನೆಯ ವಾರ ಮ್ಯಾನೇಜರು ಲ್ಯಾಬಿಗೆ ತಾವೇ ಬಂದು ಸ್ಟೂಲಿನ ಮೇಲೆ ಕೂತರು.

"ಆ ನಿಮ್ಮ ಕಾಕಿ ಹಾಲಿನ ಪಾತ್ರೆ ಕಥೆ ಹೇಳಿದ್ರಲ್ಲ. ಇನ್ನೊಮ್ಮೆ ಹೇಳು."

ಹೇಳಿದೆ. ಹಾಲು, ಅನ್ನ, ಬೇಳೆ, ಖಾರ. ಅವರು ಮಿಸ್ತ್ರಿಯನ್ನು ಕರೆದರು. ಆ ಶನಿವಾರದಿಂದ ವಾರದ ಮೊದಲಿಗೆ ಬಿಳಿ, ಕೊನೆಗೆ ಕಂದು ಎಂದಾಯಿತು. ಒಂದು ಬಣ್ಣದ ನೀರು ಹಳೆಯ ತೊಟ್ಟಿಯೊಂದರಲ್ಲಿ ಕಾದು ಮುಂದಿನ ಬಣ್ಣಕ್ಕೆ ಹೋಗುತ್ತಿತ್ತು. ಫೋನಿನಲ್ಲಿ ಕೂಗಿದವರಿಗೆ ಮ್ಯಾನೇಜರು ಒಂದೇ ಉತ್ತರ ಕೊಡತೊಡಗಿದರು, "ನೀರಿಲ್ಲ ಮಾರಾಯ್ರೆ, ನಿಮ್ಮ ಬಣ್ಣದ ದಿನ ಬರ್ಲಿ." ಎಲ್ಲ ಮಿಲ್ಲಿನಲ್ಲೂ ನೀರಿರಲಿಲ್ಲವಾದ್ದರಿಂದ ಯಾರೂ ಬೇರೆ ಕಡೆ ಹೋಗಲಿಲ್ಲ. ಹೊರಗೆ ಹೋಗುವ ನೀರೇ ಕಾಲುಭಾಗಕ್ಕೆ ಇಳಿಯಿತು. ಅದಕ್ಕೆ ಬಣ್ಣವೂ ಅಷ್ಟಕ್ಕಷ್ಟೇ. ತೊಟ್ಟಿಕ್ಕಲು ಕೆಲಸವಿಲ್ಲದೆ ನೀಲಿ ಡ್ರಮ್ಮು ಮೂಲೆ ಸೇರಿತು.

ನಾನು ಬಹಳ ದಿನ ಇದನ್ನು ಯೋಚಿಸಿದ್ದೇನೆ. ಸತ್ತ ಕಾಳು ಮಾಡಲಾಗದ್ದನ್ನು ಒಣಗಿದ ಪೈಪು ಮಾಡಿತು. ಚಾಳಿನ ಗೊಣಗಾಟ ಮಾಡಲಾಗದ್ದನ್ನು ರದ್ದಿಯ ಬೆಲೆ ಮಾಡಿತ್ತು. ಮಿಲ್ಲಿಗೆ ಯಾರ ಕಣ್ಣಿನ ಹೆದರಿಕೆಯಿತ್ತೋ ಆ ಕಣ್ಣಿಗೆ ಬೀಳದ ಜಾಗಕ್ಕೆ ಹೊಲಸು ಸರಿದು ಕೂರುತ್ತಿತ್ತು. ಗ್ಯಾಲರಿಯ ಕಣ್ಣಿಗೆ ಬಣ್ಣ ಬೇಡವಾಗಿತ್ತು, ಬಣ್ಣ ಹೋಗಿ ವಿಷ ಬಂತು. ಹಾಗೆಂದು ಕಾಕಿಯ ಮಾತು ವ್ಯರ್ಥವಾಯಿತು ಎನ್ನಲೂ ಮನಸ್ಸಿಲ್ಲ. ಮ್ಯಾನೇಜರು ಸ್ಟೂಲಿನ ಮೇಲೆ ಬಂದು ಕೂತ ದಿನ ನೆನಪಿಸಿಕೊಳ್ಳಲು ಅವರಿಗೊಂದು ಮಾತು ಬೇಕಿತ್ತು. ಅದು ಐದು ತಿಂಗಳ ಹಿಂದೆ ಬಾಗಿಲಲ್ಲಿ ನಿಂತವಳು ಬಿಟ್ಟುಹೋದದ್ದು.

ಕಿಟಕಿಯ ಕಾಳು ನಿಧಾನಕ್ಕೆ ಬಾಯಿ ಬಿಟ್ಟವು. ನಾಲ್ಕು. ಏಳು. ಮತ್ತೆ ಐದು. ಹನ್ನೊಂದು ಬಂದ ದಿನ ಓಡಿಹೋಗಿ ಹೇಳಿದೆ. "ಹದಿನೈದ ಆಗ್ಲಿ" ಎಂದಳು, ರೊಟ್ಟಿಯ ಹಿಟ್ಟಿನಿಂದ ತಲೆ ಎತ್ತದೆ. ಧೋತರದ ಮೇಲೆ ತೆಳು ಹಳದಿ ಕಲೆ ಮತ್ತೆ ಮೂಡಿತ್ತು. ಅದನ್ನು ನೋಡಿ ನನಗೆ ಎಂಥದೋ ಸಮಾಧಾನ. ಮಳೆ ಬಂತು, ನಾಲಾ ಉಕ್ಕಿ ಹೊಲದ ಮೇಲೆ ಹರಿದು ಹೋಯಿತು, ಹಳೆಯ ಮಣ್ಣು ತೊಳೆದು ಹೊಸ ಕೆಸರು ಕೂತಿತು. ಮಳೆ ಮುಗಿದ ಮೇಲೆ ನೀರು ಕತ್ತರಿಸುವುದು ನಿಂತಿತು. ನನಗೆ ಒಳಗೊಳಗೇ ಭಯ, ಫೋನು ಮತ್ತೆ ರಾಜ್ಯಭಾರ ಮಾಡುತ್ತದೆಯೋ ಎಂದು. ಸ್ವಲ್ಪ ಮಾಡಿತು ಕೂಡ. ಆದರೆ ಬಣ್ಣ ಕಡಿಮೆ ಖರ್ಚಾಗುವುದನ್ನು ಮಾಲೀಕರು ನೋಡಿಬಿಟ್ಟಿದ್ದರು. ವಾರದ ಕ್ರಮ ಹೆಚ್ಚುಕಡಿಮೆ ಉಳಿಯಿತು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಗಂಟು ಬಿಚ್ಚಿದರೆ ಹದಿನೇಳು. ಎರಡು ಸಲ ಎಣಿಸಿದೆ. ಅಂದು ನಾನು ಸಂಜೆಯವರೆಗೆ ಕಾಯಲಿಲ್ಲ, ಬಟ್ಟೆಯನ್ನೇ ಎರಡೂ ಅಂಗೈಯಲ್ಲಿ ಹಿಡಿದು ಚಾಳಿಗೆ ನಡೆದು ಬಂದೆ. ಕಾಕಿ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಪಕ್ಕದಲ್ಲಿ ಇನ್ನೊಂದು ಬಟ್ಟೆಯ ಗಂಟು.

"ಹದಿನೇಳು ಕಾಕಿ! ಈಗ ನೀರು ಚೆನ್ನಾ..."

"ಮಾತ ಬ್ಯಾಡ ಅಂದೀನಿಲ್ಲೋ." ನನ್ನ ಬಟ್ಟೆಯ ಕಾಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಆಮೇಲೆ ತನ್ನ ಗಂಟು ಬಿಚ್ಚಿದಳು. ಅದೂ ಇಪ್ಪತ್ತು ಕಾಳು. ಬಿಳಿ ಬಾಲಗಳು ಎಲ್ಲ ಕಡೆ ಚಾಚಿದ್ದವು.

"ಇದು ನಳದ ನೀರು. ಹತ್ತೊಂಬತ್ತ ಹುಟ್ಟ್ಯಾವ. ನಿಂದು ಹದಿನೇಳು. ನಡುವಿನ ಎರಡ ಯಾಕ ಹುಟ್ಲಿಲ್ಲ, ಅದನ್ನ ಹೇಳು."

ನನಗೆ ಗೊತ್ತಿರಲಿಲ್ಲ. ಶಾಯಿಯೋ, ಬಣ್ಣದ ಪುಡಿಯಲ್ಲಿದ್ದ ಏನೋ, ಮಿಲ್ಲಿನದೇ ಅಲ್ಲದ ಮತ್ತೊಂದೋ. ಇಂದಿಗೂ ಗೊತ್ತಿಲ್ಲ. ಮೊಳಕೆಗೂ ಕಾಣದ್ದು ಆ ನೀರಿನಲ್ಲಿ ಇದ್ದಿರಬಹುದು ಎಂಬ ಯೋಚನೆ ನಂತರದ ವರ್ಷಗಳಲ್ಲಿ ನನ್ನನ್ನು ಹಲವು ಸಲ ಹಿಡಿದು ನಿಲ್ಲಿಸಿದೆ. ಆ ಕೊತ್ತಂಬರಿಯನ್ನು ಎಷ್ಟು ಜನ ಸಾರಿನಲ್ಲಿ ಉಂಡಿದ್ದೇವೆ.

"ಗೊತ್ತಿಲ್ಲ ಕಾಕಿ" ಎಂದೆ.

"ಈಗ ಖರೇ ಹೇಳಿದಿ ನೋಡು" ಎಂದು ಅವಳು ಅಕ್ಕಿಯ ಮೊರವನ್ನು ಬದಿಗಿಟ್ಟು ಎದ್ದಳು. ಮಗ ಕಟ್ಟಿಟ್ಟು ಹೋಗಿದ್ದ ಟ್ರಂಕಿನ ಮೇಲಿಂದ ಕಳೆ ಕೀಳುವ ಕುರ್ಪಿಯನ್ನು ಎಳೆದು ತೆಗೆದಳು.

ಅಂದು ಹೊಲದಲ್ಲಿ ಒಂದೇ ಸಾಲು ಬಿತ್ತಿದಳು, ನಾಲಾದ ಕಡೆಯ ಅಂಚಿಗೆ. ಉಳಿದದ್ದು ಇದನ್ನು ನೋಡಿ ಎಂದಳು. ಎಳ್ಳಮಾವಾಸ್ಯೆಗೆ ಆ ಸಾಲು ಕೊಯ್ಲಿಗೆ ಬಂತು. ಮಂದಿ ಬುತ್ತಿ ಬಿಚ್ಚಿ ಕೂತರು. ಮೊದಲ ತುತ್ತು ಎಂದಿನಂತೆ ಭೂಮಿಗೆ ಹೋಯಿತು. ಎರಡನೆಯದನ್ನು ಕಾಕಿ ಕೈಯಲ್ಲೇ ಹಿಡಿದುಕೊಂಡು, ಸಾಲುಸಾಲು ತಾಟುಗಳನ್ನು ದಾಟಿ, ನನ್ನ ಎದುರು ಬಂದು ಕುಕ್ಕರಗಾಲಲ್ಲಿ ಕೂತಳು. ಸಜ್ಜೆ ರೊಟ್ಟಿಯ ಚೂರು, ಅದರ ಮೇಲೆ ಹಸಿ ಮೆಂತೆ.

"ಮದಲ ನೀ ತಿನ್ನು. ಆಮ್ಯಾಲ ಮಂದಿಗೆ ಬಡಸ್ತೀನಿ."

ಎಲ್ಲರೂ ನೋಡುತ್ತಿದ್ದರು. ಹಳಿಯ ಮೇಲೆ ಲೋಕಲ್ಲೊಂದು ಬರುತ್ತಿತ್ತು. ನಾನು ಬಾಯಿ ತೆರೆದೆ. ಮೆಂತೆ ಕಹಿಯಿತ್ತು, ಮೆಂತೆ ಇರಬೇಕಾದಷ್ಟೇ. ನಾನು ನುಂಗುವವರೆಗೂ ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು.